‘ಬರೋಕೆ ಕಷ್ಟ’ ಇಂಗ್ಲಿಷಿಗೆ ಹೋದಾಗ

ಮರುದಿನದ ಮೀಟಿಂಗಿಗೆ ಬರೋಕೆ ಕಷ್ಟ ಆಗುತ್ತೆ ಅಂತ ತಿಳಿಸಬೇಕಿತ್ತು. ‘ಐ ಆ್ಯಮ್ ಡಿಫಿಕಲ್ಟ್ ಟು ಕಮ್ ಟುಮಾರೊ’ ಅಂತ ಮೇಲ್ ಬರೆದು ಕಳಿಸಿದೆ. ಸ್ವಲ್ಪ ಹೊತ್ತಿಗೆ ಹಿರಿಯ ಸಹೋದ್ಯೋಗಿಯೊಬ್ಬರು ಬಂದು ಪಕ್ಕದಲ್ಲಿ ಕೂತರು.

“ಬೇಜಾರು ಮಾಡ್ಕೋಬೇಡಿ, ಒಂದು ಮಾತು ಹೇಳ್ತೀನಿ. ಕಷ್ಟ ಅನ್ನೋದು ಬರೋ ವಿಷಯಕ್ಕೆ ಅಲ್ವಾ? ಇಲ್ಲಿ ನೀವೇ ಕಷ್ಟದ ಮನುಷ್ಯ ಅನ್ನೋ ಹಾಗೆ ಆಗಿದೆ.”

ಅವರೇ ಒಂದು ಚೀಟಿಯಲ್ಲಿ ಬರೆದು ಕೊಟ್ಟರು: ‘ಇಟ್ ಈಸ್ ಡಿಫಿಕಲ್ಟ್ ಫಾರ್ ಮಿ ಟು ಕಮ್ ಟುಮಾರೊ.’

ನನಗೆ ಡಿಫಿಕಲ್ಟ್ ಗೊತ್ತಿತ್ತು, ಕಮ್ ಗೊತ್ತಿತ್ತು. ಎರಡರ ನಡುವಿನ ಬೆಸುಗೆ ಗೊತ್ತಿರಲಿಲ್ಲ. ಅಲ್ಲಿಯವರೆಗೆ ಯಾರೂ ಅದನ್ನು ಬಿಡಿಸಿ ಹೇಳಿಕೊಟ್ಟಿರಲಿಲ್ಲ. ಗುಣವಾಚಕ ಅಂದರೆ ನಾಮಪದದ ಮುಂದೆ ಬರೋದು, ರೆಡ್ ಫ್ಲವರ್, ಟಾಲ್ ಬಾಯ್, ಅಷ್ಟೇ. ಆದರೆ ದಿನದ ಮಾತಿನಲ್ಲಿ ಗುಣವಾಚಕದ ಬೆನ್ನಿಗೇ ಒಂದು ಕ್ರಿಯಾಪದ ಬಂದುಬಿಡುತ್ತದೆ. ರೆಡಿ ಟು ಗೋ, ಟಯರ್ಡ್ ಆಫ್ ವೇಟಿಂಗ್, ಬಿಜಿ ಕುಕಿಂಗ್. ಎಲ್ಲಿ ‘ಟು’, ಎಲ್ಲಿ ‘ಇಂಗ್’? ಇದನ್ನು ಕಲಿಯೋಕೆ ನಾನು ಒಂದು ನೋಟ್‌ಬುಕ್ ಇಟ್ಟುಕೊಂಡೆ. ಎಡಗಡೆ ನಾನು ನಿಜವಾಗಿ ಆಡಿದ ಕನ್ನಡ ಮಾತು, ಬಲಗಡೆ ಅದರ ಸರಿಯಾದ ಇಂಗ್ಲಿಷ್.

ಮೊದಲು ಆ ಮೇಲಿನ ತಪ್ಪಿಗೆ ಕಾರಣ ಹುಡುಕಿದೆ. ‘ನನಗೆ ಖುಷಿ’ ಅಂದರೆ ‘ಐ ಆ್ಯಮ್ ಹ್ಯಾಪಿ’. ‘ನನಗೆ ಹೆದರಿಕೆ’ ಅಂದರೆ ‘ಐ ಆ್ಯಮ್ ಅಫ್ರೇಡ್’. ಅದೇ ಅಭ್ಯಾಸದಲ್ಲಿ ‘ನನಗೆ ಕಷ್ಟ’ ಕೂಡ ‘ಐ ಆ್ಯಮ್ ಡಿಫಿಕಲ್ಟ್’ ಆಗಿಬಿಟ್ಟಿತ್ತು. ಕನ್ನಡದಲ್ಲಿ ಮೂರಕ್ಕೂ ಒಂದೇ ‘ನನಗೆ’. ಇಂಗ್ಲಿಷ್ ಇಲ್ಲಿ ಎರಡು ದಾರಿ ಹಿಡಿಯುತ್ತದೆ. ಖುಷಿ, ಹೆದರಿಕೆ ಮನಸ್ಸಿನೊಳಗಿನವು, ಹಾಗಾಗಿ ಮನುಷ್ಯನೇ ಹ್ಯಾಪಿ, ಮನುಷ್ಯನೇ ಅಫ್ರೇಡ್. ಕಷ್ಟ, ಸುಲಭ ಅನ್ನೋದು ಕೆಲಸದ ಗುಣ. ಅದಕ್ಕೆ ವಾಕ್ಯ ‘ಇಟ್’ನಿಂದ ಶುರುವಾಗುತ್ತದೆ, ‘ನನಗೆ’ ಅನ್ನೋದು ‘ಫಾರ್ ಮಿ’ ಆಗಿ ಆಮೇಲೆ ಬರುತ್ತದೆ.

ಹಾಗಂತ ಡಿಫಿಕಲ್ಟ್ ಮುಂದೆ ಮನುಷ್ಯ ಬರಲೇಬಾರದು ಅಂತೇನಿಲ್ಲ. ‘ಐ ಆ್ಯಮ್ ಡಿಫಿಕಲ್ಟ್ ಟು ಅಂಡರ್‌ಸ್ಟ್ಯಾಂಡ್’ ಸರಿಯಾದ ವಾಕ್ಯವೇ. ಆದರೆ ಅರ್ಥ ‘ನನಗೆ ಅರ್ಥ ಆಗೋದು ಕಷ್ಟ’ ಅಲ್ಲ, ‘ನನ್ನನ್ನು ಅರ್ಥ ಮಾಡ್ಕೊಳ್ಳೋದು ಕಷ್ಟ’ ಅಂತ. ಈಸಿ, ಹಾರ್ಡ್, ಡಿಫಿಕಲ್ಟ್ ಬಂದಾಗ ವಾಕ್ಯದ ಮೊದಲಲ್ಲಿ ಕೂತವರು ಆ ಕೆಲಸ ಮಾಡುವವರಲ್ಲ. ಕೆಲಸ ಅವರ ಮೇಲೆ ನಡೆಯುತ್ತದೆ. 1960ರ ದಶಕದಲ್ಲಿ ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿ ಈ ವಿಷಯಕ್ಕೆ ಬಳಸಿದ ಒಂದು ಜೋಡಿ ವಾಕ್ಯ ಬಹಳ ಪ್ರಸಿದ್ಧ. ‘ಜಾನ್ ಈಸ್ ಈಗರ್ ಟು ಪ್ಲೀಸ್’, ‘ಜಾನ್ ಈಸ್ ಈಸಿ ಟು ಪ್ಲೀಸ್.’ ನೋಡೋಕೆ ಎರಡೂ ಅವಳಿ. ಮೊದಲನೆಯದರಲ್ಲಿ ಜಾನ್‌ಗೆ ಬೇರೆಯವರನ್ನು ಖುಷಿಪಡಿಸುವ ಆಸೆ. ಎರಡನೆಯದರಲ್ಲಿ ಜಾನ್‌ನನ್ನು ಖುಷಿಪಡಿಸೋದು ಸುಲಭ. ಇದನ್ನು ಓದಿದ ದಿನ ನನಗೆ ಎಷ್ಟು ಸಮಾಧಾನ ಆಯಿತು ಅಂದರೆ, ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ದೊಡ್ಡದಾಗಿ ಬರೆದಿಟ್ಟೆ. ನಾನು ಎಡವಿದ ಜಾಗ ದೊಡ್ಡವರೂ ನಿಂತು ನೋಡಿದ ಜಾಗ.

ಎಡಗಡೆಯ ಸಾಲುಗಳು ಬೆಳೆದ ಹಾಗೆ ಒಂದು ವಿಷಯ ಕಣ್ಣಿಗೆ ಬಿತ್ತು. ನಮ್ಮಲ್ಲಿ ಕ್ರಿಯಾಪದ ಮೊದಲು, ಗುಣ ಆಮೇಲೆ. ಕ್ರಿಯಾಪದದ ಬಾಲ ನೋಡಿದರೆ ಇಂಗ್ಲಿಷಿನ ಬೆಸುಗೆ ಎಷ್ಟೋ ಸಲ ಗೊತ್ತಾಗಿಬಿಡುತ್ತದೆ. ‘ಹೋಗೋಕೆ ರೆಡಿ’, ‘ಓದೋಕೆ ಸುಲಭ’, ‘ಕಲಿಯೋಕೆ ಆಸೆ’. ಬಾಲ ‘ಓಕೆ’ ಆಗಿದ್ದರೆ ಬಹುಮಟ್ಟಿಗೆ ‘ಟು’. ‘ಹಾಡೋದರಲ್ಲಿ ಜಾಣೆ’ ಅಂದರೆ ‘ಗುಡ್ ಅಟ್ ಸಿಂಗಿಂಗ್’. ಬಾಲ ‘ಓದರಲ್ಲಿ’, ‘ಓದರ ಬಗ್ಗೆ’, ‘ದ್ದಕ್ಕೆ’ ಆಗಿದ್ದರೆ ನಡುವೆ ಅಟ್, ಇನ್, ಅಬೌಟ್, ಫಾರ್ ಇಂಥದ್ದೊಂದು ಬರುತ್ತದೆ, ಅದರ ಬೆನ್ನಿಗೆ ಬರುವ ಕ್ರಿಯಾಪದಕ್ಕೆ ‘ಇಂಗ್’.

ಅತಿ ಹೆಚ್ಚು ಕಲಿಸಿದ ಪದ ‘ಅಫ್ರೇಡ್’. ‘ಅಫ್ರೇಡ್ ಟು’ ಮತ್ತು ‘ಅಫ್ರೇಡ್ ಆಫ್’ ಎರಡೂ ಒಂದೇ ಅಂದುಕೊಂಡಿದ್ದೆ. ಕೆಲವು ಕಡೆ ಎರಡೂ ನಡೆಯುತ್ತವೆ, ಅದು ನಿಜ. ಆದರೆ ಈ ಎರಡು ಮಾತು ನೋಡಿ. ‘ಅವರ ಹತ್ತಿರ ಕೇಳೋಕೆ ಹೆದರಿಕೆ.’ ಕೇಳೋದು ನನ್ನ ಕೈಯಲ್ಲಿದೆ, ಆದರೂ ಹಿಂಜರಿಯುತ್ತೇನೆ. ‘ಐ ಆ್ಯಮ್ ಅಫ್ರೇಡ್ ಟು ಆಸ್ಕ್.’ ಇನ್ನೊಂದು, ‘ಎಲ್ಲಿ ಬಿದ್ದುಬಿಡ್ತೀನೋ ಅಂತ ಹೆದರಿಕೆ.’ ಬೀಳೋದು ನಾನು ಬೇಕಂತ ಮಾಡೋ ಕೆಲಸ ಅಲ್ಲ, ತಾನಾಗಿ ಆಗಬಹುದಾದದ್ದು. ‘ಐ ಆ್ಯಮ್ ಅಫ್ರೇಡ್ ಆಫ್ ಫಾಲಿಂಗ್.’ ‘ಬೀಳೋಕೆ ಹೆದರಿಕೆ’ ಅಂತ ನಾವು ಸಾಮಾನ್ಯವಾಗಿ ಅನ್ನೋದಿಲ್ಲ ಅಲ್ವಾ? ವ್ಯತ್ಯಾಸ ನಮ್ಮ ಬಾಯಲ್ಲೇ ಇತ್ತು. ನಾನು ಕೇಳಿಸಿಕೊಂಡಿರಲಿಲ್ಲ ಅಷ್ಟೇ.

‘ಸಾರಿ’ಯೂ ಹಾಗೆಯೇ. ಬಾಗಿಲು ತಟ್ಟಿ ಒಳಗೆ ಹೋಗುವಾಗ ‘ಸಾರಿ ಟು ಡಿಸ್ಟರ್ಬ್ ಯು’. ಕೆಲಸ ಮುಗಿಸಿ ಹೊರಡುವಾಗ, ‘ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ’ ಅನ್ನುವಾಗ, ‘ಸಾರಿ ಫಾರ್ ಡಿಸ್ಟರ್ಬಿಂಗ್ ಯು’. ಆ ‘ದ್ದಕ್ಕೆ’ಯಲ್ಲಿ ‘ಫಾರ್’ ಮತ್ತು ‘ಇಂಗ್’ ಎರಡೂ ಅಡಗಿವೆ.

ಇನ್ನು ಬಾಲ ದಾರಿ ತಪ್ಪಿಸುವ ಜಾಗಗಳು. ಇವಕ್ಕೆ ನೋಟ್‌ಬುಕ್ಕಿನಲ್ಲಿ ಕೆಂಪು ಗೆರೆ ಎಳೆದಿದ್ದೆ.

‘ನಿಮ್ಮನ್ನು ನೋಡಿ ಖುಷಿಯಾಯ್ತು.’ ನಮ್ಮಲ್ಲಿ ‘ನೋಡಿ’. ಹಾಗಾಗಿ ‘ಹ್ಯಾಪಿ ಬೈ ಸೀಯಿಂಗ್ ಯು’ ಅಂತ ಬಹಳ ದಿನ ಬರೆದೆ. ಇಂಗ್ಲಿಷಿನಲ್ಲಿ ಖುಷಿ, ಬೇಜಾರು, ಆಶ್ಚರ್ಯದ ಕಾರಣ ಹೇಳುವಾಗಲೂ ‘ಟು’ ಸಾಕು. ‘ಹ್ಯಾಪಿ ಟು ಸೀ ಯು’, ‘ಸರ್ಪ್ರೈಸ್ಡ್ ಟು ಹಿಯರ್ ಇಟ್’. ನೋಡಿ ಆಗಿದೆ, ಕೇಳಿ ಆಗಿದೆ, ಆದರೂ ‘ಟು’ವೇ.

‘ಎತ್ತೋಕೆ ಆಗದಷ್ಟು ಭಾರ.’ ನಮ್ಮಲ್ಲಿ ‘ಆಗದ’ ಅಂತ ಇಲ್ಲ ಅನ್ನೋದು ಬಾಯಿಬಿಟ್ಟು ಬರುತ್ತದೆ. ಇಂಗ್ಲಿಷಿನಲ್ಲಿ ‘ಟೂ ಹೆವಿ ಟು ಲಿಫ್ಟ್’. ‘ನಾಟ್’ ಎಲ್ಲೂ ಇಲ್ಲ. ಇಲ್ಲ ಅನ್ನೋ ಅರ್ಥವನ್ನು ‘ಟೂ’ ಒಂದೇ ಹೊತ್ತುಕೊಂಡಿದೆ. ಇನ್ನೊಂದು ‘ನಾಟ್’ ಸೇರಿಸಿದರೆ ಮಾತು ಕೆಡುತ್ತದೆ.

‘ಈ ಕುರ್ಚಿ ಕೂರೋಕೆ ಆರಾಮ.’ ನಾನು ಬರೆದದ್ದು ‘ಕಂಫರ್ಟಬಲ್ ಟು ಸಿಟ್’. ಕೊನೆಯಲ್ಲಿ ‘ಆನ್’ ಬೇಕು, ಯಾಕಂದರೆ ಕೂರೋದು ಕುರ್ಚಿಯ ಮೇಲೆ. ಕನ್ನಡ ಆ ‘ಮೇಲೆ’ಯನ್ನು ನುಂಗಿಬಿಡುತ್ತದೆ, ಇಂಗ್ಲಿಷ್ ಬಿಡೋದಿಲ್ಲ. ಅದೇ ರೀತಿ ‘ಈಸಿ ಟು ಟಾಕ್ ಟು’. ಕೊನೆಯ ಆ ‘ಟು’ ಬಿಟ್ಟರೆ ಅವರ ಜೊತೆ ಮಾತಾಡೋದು ಸುಲಭ ಅನ್ನೋದು ಹೋಗಿಯೇ ಬಿಡುತ್ತದೆ.

‘ಯೂಸ್ಡ್ ಟು’ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡಿತು. ‘ಬೇಗ ಏಳೋದು ಅಭ್ಯಾಸ ಆಗಿದೆ’ ಅನ್ನೋಕೆ ‘ಐ ಆ್ಯಮ್ ಯೂಸ್ಡ್ ಟು ಗೆಟ್ ಅಪ್ ಅರ್ಲಿ’ ಅಂತಿದ್ದೆ. ಬೇಕಾದದ್ದು ‘ಯೂಸ್ಡ್ ಟು ಗೆಟಿಂಗ್ ಅಪ್’. ಇಲ್ಲೊಂದು ಪರೀಕ್ಷೆ ಕಂಡುಕೊಂಡೆ, ಇವತ್ತಿಗೂ ಬಳಸುತ್ತೇನೆ. ಕ್ರಿಯಾಪದ ತೆಗೆದು ಸುಮ್ನೆ ‘ಇಟ್’ ಇಟ್ಟು ನೋಡೋದು. ‘ಐ ಆ್ಯಮ್ ಯೂಸ್ಡ್ ಟು ಇಟ್’ ನಿಲ್ಲುತ್ತದೆ. ಅಂದರೆ ಈ ‘ಟು’ ಅಟ್, ಇನ್ ಇವುಗಳ ಜಾತಿಯದು, ಇಂಗ್ ಬೇಕು. ‘ಐ ಆ್ಯಮ್ ರೆಡಿ ಟು ಇಟ್’ ನಿಲ್ಲೋದಿಲ್ಲ. ಹಾಗಾದರೆ ಅದು ಕ್ರಿಯಾಪದದ ‘ಟು’, ‘ರೆಡಿ ಟು ಗೋ’. ‘ಐ ಯೂಸ್ಡ್ ಟು ಗೆಟ್ ಅಪ್ ಅರ್ಲಿ’ ಅನ್ನೋದು ಬೇರೆಯದೇ ಮಾತು. ಅಲ್ಲಿ ‘ಆ್ಯಮ್’ ಇಲ್ಲ. ಮೊದಲು ಬೇಗ ಏಳ್ತಿದ್ದೆ, ಈಗ ಇಲ್ಲ ಅಂತ ಅರ್ಥ.

‘ಬಿಜಿ’ಗೆ ಮತ್ತು ‘ವರ್ತ್’ಗೆ ಯಾವ ಉಪಾಯವೂ ಬೇಕಿಲ್ಲ. ನಡುವೆ ಏನೂ ಇಲ್ಲದೆ ನೇರವಾಗಿ ಇಂಗ್. ‘ಬಿಜಿ ರೈಟಿಂಗ್’, ‘ವರ್ತ್ ರೀಡಿಂಗ್’. ಬಾಯಿಪಾಠ ಮಾಡಿಕೊಂಡರೆ ಮುಗಿಯಿತು. ‘ಅವನು ಬರೋ ಸಾಧ್ಯತೆ ಇದೆ’ ಅನ್ನೋಕೆ ‘ಹಿ ಈಸ್ ಪಾಸಿಬಲ್ ಟು ಕಮ್’ ಅನ್ನಬಾರದು, ‘ಹಿ ಈಸ್ ಲೈಕ್ಲಿ ಟು ಕಮ್’ ಅನ್ನಬೇಕು ಅನ್ನೋದೂ ಅದೇ ಪುಟದಲ್ಲಿದೆ.

ಈಗ ನೋಟ್‌ಬುಕ್ ತೆಗೆಯೋದು ಕಡಿಮೆ. ಆದರೂ ಒಂದು ಪದ ಬಂದಾಗ ಕೈ ತಡೆಯುತ್ತದೆ, ‘ಶ್ಯೂರ್’. ‘ಹಿ ಈಸ್ ಶ್ಯೂರ್ ಟು ವಿನ್’ ಅಂದರೆ ಅವನು ಗೆದ್ದೇ ಗೆಲ್ತಾನೆ ಅಂತ ಹೇಳುತ್ತಿರುವ ನನಗೆ ಖಾತ್ರಿ. ಅವನ ಮನಸ್ಸಿನಲ್ಲಿ ಏನಿದೆಯೋ, ಅದರ ಮಾತೇ ಇಲ್ಲ. ‘ಹಿ ಈಸ್ ಶ್ಯೂರ್ ಆಫ್ ವಿನ್ನಿಂಗ್’ ಅಂದರೆ ‘ಗೆದ್ದೇ ಗೆಲ್ತೀನಿ’ ಅಂತ ಅವನಿಗೆ ಖಾತ್ರಿ. ನಾನು ಒಪ್ಪದೇ ಇರಬಹುದು. ಇದನ್ನು ಬರೆಯುವ ಮುಂಚೆ ಪ್ರತಿ ಸಲ ಒಂದು ಕ್ಷಣ ನಿಂತು, ಖಾತ್ರಿ ಇರೋದು ಯಾರಿಗೆ ಅಂತ ಕನ್ನಡದಲ್ಲೇ ಕೇಳಿಕೊಳ್ಳುತ್ತೇನೆ.