ವಿಲ್ಟ್‌ನ 50 ಅಂಕಕ್ಕೆ ಇವತ್ತು ಬೆಲೆ ಎಷ್ಟು? ನಾನು ಲೆಕ್ಕ ಹಾಕಿದ ರೀತಿ

ವಿಲ್ಟ್ ಚೇಂಬರ್ಲಿನ್ 1961-62ರಲ್ಲಿ ಪಂದ್ಯಕ್ಕೆ ಗಳಿಸಿದ 50.4 ಅಂಕದ ಸರಾಸರಿಯನ್ನು ಇವತ್ತಿನ ಎನ್‌ಬಿಎಗೆ (ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್) ಹೊಂದಿಸಲು ಹೊರಟಾಗ, ಸುಮ್ನೆ ಟೈಮ್ ವೇಸ್ಟ್ ಅಂದವರೇ ಜಾಸ್ತಿ. ಈಗ ಅವರೇ ನನ್ನ ಲೆಕ್ಕದ ಶೀಟ್ ಕೇಳುತ್ತಿದ್ದಾರೆ.

ಎಲ್ಲರಂತೆ ನಾನೂ ಪೇಸ್‌ನಿಂದಲೇ, ಅಂದರೆ ಆಟದ ವೇಗದಿಂದಲೇ, ಶುರು ಮಾಡಿದೆ. 1961-62ರಲ್ಲಿ ತಂಡಕ್ಕೆ ಪಂದ್ಯಕ್ಕೆ 125ರ ಆಸುಪಾಸು ಪೊಸೆಷನ್ (ಚೆಂಡು ಕೈಗೆ ಬಂದ ಸರದಿ), ಈಗ ನೂರರ ಹತ್ತಿರ. ಅದಕ್ಕೆ ಹೊಂದಿಸಿದರೆ ವಿಲ್ಟ್ 40ಕ್ಕೆ ಇಳಿಯುತ್ತಾನೆ. ಆತ ಓವರ್‌ಟೈಮ್ ಸೇರಿ ಪಂದ್ಯಕ್ಕೆ 48.5 ನಿಮಿಷ ಆಡಿದ್ದ. ಅದನ್ನೂ ಇವತ್ತಿನ ಸ್ಟಾರ್‌ಗಳು ಆಡುವಷ್ಟು ನಿಮಿಷಕ್ಕೆ ಇಳಿಸಿದರೆ 30! ಆದರೆ ಆ 125 ಅನ್ನೋದೇ ಅಂದಾಜು. ಪೊಸೆಷನ್ ಎಣಿಸಲು ಬೇಕಾದ ಆಫೆನ್ಸಿವ್ ರೀಬೌಂಡ್ (ತನ್ನ ತಂಡದ್ದೇ ತಪ್ಪಿದ ಎಸೆತ ಹಿಡಿಯೋದು) ಬೇರೆಯಾಗಿ ಬರೆದಿಡಲು ಶುರುವಾದದ್ದು 1973-74ರಲ್ಲಿ, ಟರ್ನೋವರ್ (ಚೆಂಡು ಕಳೆದುಕೊಳ್ಳೋದು) 1977-78ರಲ್ಲಿ. ಬುಡವೇ ಅಲುಗಾಡುವಾಗ ದಶಮಾಂಶ ಕಟ್ಟಿಕೊಂಡು ಏನು ಮಾಡೋದು?

ಹಳೆಯ ಬಾಕ್ಸ್ ಸ್ಕೋರ್‌ಗೆಂದು (ಪಂದ್ಯದ ಅಂಕಿಪಟ್ಟಿ) ಒಬ್ಬ ಮಾರಾಟಗಾರನಿಗೆ 150 ಡಾಲರ್ ಹತ್ತಿರ ಕೊಟ್ಟೆ. ಬಂದದ್ದು ಪುಕ್ಕಟೆ ಸಿಗುವ ಟೇಬಲ್‌ಗಳೇ, ಕಾಲಂ ಹೆಸರು ಮಾತ್ರ ಬೇರೆ. ಹಳೆಯ ಪಂದ್ಯಗಳ ಡಿವಿಡಿಗೆ ಅದರ ಎರಡರಷ್ಟು ಹೋಯಿತು. ಅದು ದಂಡವಾಗಲಿಲ್ಲ. ಎಂಬತ್ತರ ದಶಕದ ಆಟದಲ್ಲಿ ಡಿಫೆಂಡರ್ ಡ್ರಿಬಲ್ ಮಾಡುವವನ ಸೊಂಟಕ್ಕೆ ಮುಂಗೈ ಒತ್ತಿ ಪಕ್ಕಕ್ಕೆ ತಳ್ಳುತ್ತಾನೆ. ವಿಸಿಲ್ಲೇ ಇಲ್ಲ. 2004-05ರ ನಂತರ ಅದೇ ಕೈಗೆ ಫೌಲ್.

ದಾರಿ ಸಿಕ್ಕಿದ್ದು ದೊಡ್ಡ ಹೆಸರುಗಳನ್ನು ಬದಿಗಿಟ್ಟಾಗ. 1964ರಲ್ಲಿ ಲೇನ್ (ಬುಟ್ಟಿಯ ಮುಂದೆ ಗುರುತಿಸಿದ ಜಾಗ) 12 ಅಡಿಯಿಂದ 16ಕ್ಕೆ ಅಗಲವಾಯಿತು, 1979ರಲ್ಲಿ ತ್ರೀ ಪಾಯಿಂಟ್ ಗೆರೆ (ಅದರಾಚೆಯಿಂದ ಹಾಕಿದರೆ ಮೂರು ಅಂಕ) ಬಂತು, 2001ರಲ್ಲಿ ಝೋನ್‌ಗೆ (ಆಟಗಾರನ ಬದಲು ಜಾಗ ಕಾಯುವ ಡಿಫೆನ್ಸ್) ಅವಕಾಶ ಸಿಕ್ಕಿತು. ಇಂಥ ಪ್ರತಿ ಗಡಿಯ ಆಚೆ ಈಚೆ, ಒಂದೇ ತಂಡದಲ್ಲಿ ಆಡಿದ ಸಾಧಾರಣ ಆಟಗಾರರನ್ನು ಮಾತ್ರ ತೆಗೆದುಕೊಂಡೆ. ಅವರು ಎಷ್ಟು ಏರಿದರು, ಎಷ್ಟು ಇಳಿದರು ಅನ್ನೋದರ ಮೀಡಿಯನ್, ಅಂದರೆ ನಟ್ಟನಡುವಿನ ಅಂಕಿಯೇ, ಆ ನಿಯಮದ ವಿನಿಮಯ ದರ. ಗಡಿಯಿಂದ ಗಡಿಗೆ ಗುಣಿಸುತ್ತಾ ಬಂದರೆ ಆಯಿತು. ವಯಸ್ಸಿಗೆ ಬೇರೆ ತೂಕ ಇದೆ, ಅದು ನನ್ನ ಹತ್ತಿರಾನೇ ಇರಲಿ.

ನಂಬದವರಿಗೆ ಒಂದು ಪರೀಕ್ಷೆ ಕೊಟ್ಟೆ. 1994ರಲ್ಲಿ ಹತ್ತಿರ ತಂದಿದ್ದ ತ್ರೀ ಗೆರೆಯನ್ನು 1997-98ಕ್ಕೆ ಮತ್ತೆ ದೂರ ಮಾಡಿದರು, ಅಲ್ವಾ? ಅದಕ್ಕೆ ಮುಂಚಿನ ಅಂಕಿ ಮಾತ್ರ ಶೀಟ್‌ಗೆ ಕೊಟ್ಟೆ. ಆಗ ತಂಡಕ್ಕೆ ಪಂದ್ಯಕ್ಕೆ 17ರಷ್ಟು ತ್ರೀ ಯತ್ನ. ಶೀಟ್ 12 ಅಂದಿತು, ಆದದ್ದು 13ರ ಹತ್ತಿರ. ಮೈಕಲ್ ಜೋರ್ಡನ್ ತ್ರೀ ಹಾಕುವ ಪ್ರಮಾಣದಲ್ಲಿ ಶೇ. 30ರ ಕೆಳಗೆ ಬೀಳುತ್ತಾನೆ ಅಂತಲೂ ಅಂದಿತ್ತು. 37ರಿಂದ 24ಕ್ಕೆ ಬಿದ್ದ. ಆಮೇಲೆ ಯಾರೂ ಜಾಸ್ತಿ ಮಾತಾಡಲಿಲ್ಲ.

ಮಧ್ಯದಲ್ಲಿ ಇನ್ನೊಂದು ಕೆದಕಿದೆ. 1961-62ರಲ್ಲಿ ಆಸ್ಕರ್ ರಾಬರ್ಟ್‌ಸನ್‌ಗೆ 12.5 ರೀಬೌಂಡ್. ಆಗ ತಂಡಕ್ಕೆ ಸರಾಸರಿ 70 ದಾಟುತ್ತಿತ್ತು. 2016-17ರಲ್ಲಿ ವೆಸ್ಟ್‌ಬ್ರೂಕ್‌ಗೆ 10.7, ತಂಡಕ್ಕೆ 44ರ ಹತ್ತಿರ. ಪಾಲು ನೋಡಿದರೆ ವೆಸ್ಟ್‌ಬ್ರೂಕ್‌ನದೇ ಜಾಸ್ತಿ, ಅದೂ ಹತ್ತು ನಿಮಿಷದಷ್ಟು ಕಡಿಮೆ ಆಡಿ. ಇದನ್ನು ಒಪ್ಪದವರು ಇನ್ನೂ ಇದ್ದಾರೆ.

ನನ್ನ ಲೆಕ್ಕದಲ್ಲಿ ಇವತ್ತು ವಿಲ್ಟ್ 33-34ಕ್ಕೆ ನಿಲ್ಲುತ್ತಾನೆ. ಇವತ್ತಿನ ಸ್ಟೀಫನ್ ಕರಿಯನ್ನು ವಿಲ್ಟ್ ಕಾಲಕ್ಕೆ ಹಿಂದಕ್ಕೆ ಒಯ್ಯೋದೇ ಕಷ್ಟ. 2015-16ರ ಆ 402 ತ್ರೀಗಳಿಗೆ ಎರಡೆರಡೇ ಅಂಕ ಕೊಟ್ಟರೆ ಸಾಲದು. ಗೆರೆಯೇ ಇಲ್ಲದಿದ್ದರೆ ಅಷ್ಟು ದೂರದಿಂದ ಯಾಕೆ ಎಸೆಯುತ್ತಿದ್ದ? 1979-80ರಲ್ಲಿ ತಂಡಗಳು ಪಂದ್ಯಕ್ಕೆ ಮೂರು ತ್ರೀ ಕೂಡ ಯತ್ನಿಸುತ್ತಿರಲಿಲ್ಲ. ಅಷ್ಟರಲ್ಲಿ ದರ ಹುಟ್ಟೋದಿಲ್ಲ.