ದಿನಕ್ಕೆ ಇಪ್ಪತ್ತೈದು ವಚನ: ಹೊಸ ಒಡಂಬಡಿಕೆಯನ್ನು ಕೈಯಲ್ಲಿ ಬರೆದು ಮುಗಿಸಿದ ನನ್ನ ಅನುಭವ

"ಅಚ್ಚಾಗಿರೋದೇ ಸಿಗುತ್ತಲ್ಲ, ಕೂತ್ಕೊಂಡು ಬರೆಯೋದ್ಯಾಕೆ?" ಬೈಬಲ್ಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯನ್ನು ಕೈಯಲ್ಲಿ ಬರೆಯುವ ಕೆಲಸಕ್ಕೆ ಮಂಡ್ಯದಲ್ಲಿ ಕೈ ಹಾಕಿದಾಗ ನಮ್ಮ ಚರ್ಚಿನ ಸಭೆಯಲ್ಲಿ ಹೆಚ್ಚುಕಡಿಮೆ ಎಲ್ಲರೂ ಕೇಳಿದ್ದು ಇದನ್ನೇ. ಇನ್ನು ಕೆಲವರು "ಲೂಕಕ್ಕೆ ಬಂದಾಗ ನಿಲ್ಲಿಸ್ತೀರಿ ಬಿಡಿ" ಅಂದರು. ಮೊದಲ ಸಲ ಆ ಉದ್ದನೆಯ ಲೂಕ ಪುಸ್ತಕದಲ್ಲೇ ನಿಂತಿತು, ಸುಳ್ಳು ಹೇಳುವುದಿಲ್ಲ. ಎರಡನೇ ಸಲ 260 ಅಧ್ಯಾಯವೂ ಮುಗಿದಿದೆ, ಬೈಂಡ್ ಆಗಿ ಮೇಜಿನ ಮೇಲಿದೆ. ಯಾಕೆ ಅಂತ ಕೇಳಿದವರಿಗೆ ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡ 17ನೇ ಅಧ್ಯಾಯ ತೋರಿಸುತ್ತೇನೆ. ಪಟ್ಟಕ್ಕೆ ಬಂದ ಅರಸ ಧರ್ಮಶಾಸ್ತ್ರದ ಒಂದು ಪ್ರತಿಯನ್ನು ಬರೆದುಕೊಂಡು ಜೀವವಿರುವ ತನಕ ಓದಬೇಕು, ಎಡಕ್ಕಾಗಲಿ ಬಲಕ್ಕಾಗಲಿ ತಿರುಗಬಾರದು ಅಂತ ಅಲ್ಲಿದೆ. ಬರೆಯುವುದನ್ನೂ ವಿಧೇಯತೆಯನ್ನೂ ಅಲ್ಲಿ ಒಂದೇ ದಾರದಲ್ಲಿ ಪೋಣಿಸಿದ್ದಾರೆ.

ಇದಕ್ಕೂ ಮುಂಚೆ ಮಾಡಿ ಕೈಕೊಟ್ಟ ಪದ್ಧತಿಗಳನ್ನು ಮೊದಲು ಹೇಳುತ್ತೇನೆ. ಒಂದು, ವರ್ಷದಲ್ಲಿ ಇಡೀ ಬೈಬಲ್ ಓದಿ ಮುಗಿಸುವುದು. ವಾರದ ದಿನ ಮೂರು ಅಧ್ಯಾಯ, ಭಾನುವಾರ ಐದು, ವಾರಕ್ಕೆ 23. ಸತ್ಯವೇದದ, ಅಂದರೆ ಬೈಬಲ್ಲಿನ, 1189 ಅಧ್ಯಾಯ 52 ವಾರದಲ್ಲಿ ಮುಗಿದು ಏಳು ಅಧ್ಯಾಯದ ಜಾಗ ಮಿಗುತ್ತದೆ. ಲೆಕ್ಕ ಚೊಕ್ಕವಾಗಿದೆ, ಆದರೆ ಜನವರಿ ಮುಗಿಯುವ ಹೊತ್ತಿಗೆ ಮೂರನೇ ಪುಸ್ತಕವಾದ ಯಾಜಕಕಾಂಡದ ಬಾಗಿಲಲ್ಲಿ ನಿಂತಿರುತ್ತೀರಿ. ಅದರ ಹಿಂದಿನ ವಿಮೋಚನಕಾಂಡ 25ರಿಂದ ಬರುವ ಆರಾಧನೆಯ ಗುಡಾರದ ಮೊಳದ ಲೆಕ್ಕದಲ್ಲೇ ಅರ್ಧ ಜನ ಉದುರಿರುತ್ತಾರೆ. ವಾಟ್ಸಾಪ್‌ನಲ್ಲಿ ದಿನಕ್ಕೊಂದು ವಚನ (ಅಧ್ಯಾಯದೊಳಗೆ ಅಂಕಿ ಹಾಕಿರುವ ಒಂದೊಂದು ಮಾತು) ಹಂಚುವುದೂ ನಡೆಯಿತು. ಹಂಚಿದವರಿಗೇ ಸಂಜೆಗೆ ಯಾವ ವಚನ ಅಂತ ನೆನಪಿರಲಿಲ್ಲ. ಮೊಬೈಲ್‌ನಲ್ಲಿ ಟೈಪ್ ಮಾಡುವುದಂತೂ ಅತಿ ಕೆಟ್ಟದ್ದು. ಎರಡಕ್ಷರ ಒತ್ತಿದರೆ ಮೂರನೆಯದನ್ನು ಅದೇ ಹೇಳಿಕೊಡುತ್ತದೆ, ತಲೆಗೆ ಕೆಲಸವೇ ಇಲ್ಲ.

ಕೈಬರಹದಲ್ಲೂ ಮೊದಲ ಸಲ ಮಾಡಿದ ತಪ್ಪು ದಿನಕ್ಕೊಂದು ಅಧ್ಯಾಯ ಅಂತ ಇಟ್ಟುಕೊಂಡದ್ದು. ಅಧ್ಯಾಯ ಒಂದು ಅಳತೆಯೇ ಅಲ್ಲ. ಯೋಹಾನನ ಎರಡನೇ ಪತ್ರಿಕೆ 13 ವಚನ, ಲೂಕ ಒಂದನೇ ಅಧ್ಯಾಯವೊಂದೇ 80 ವಚನ, ಮತ್ತಾಯ 26ರಲ್ಲಿ 75, ಯೋಹಾನ 6ರಲ್ಲಿ 71. ಲೂಕ 1ಕ್ಕೆ ಕೂತ ದಿನ ಎರಡೂವರೆ ತಾಸು ಹೋಯಿತು, ಮಾರನೇ ದಿನ ಬೆರಳು ಮಡಚಲು ಬರಲಿಲ್ಲ, ಮೂರನೇ ದಿನ ಕೂರಲು ಮನಸ್ಸು ಬರಲಿಲ್ಲ. ಹೊಸ ಒಡಂಬಡಿಕೆಯಲ್ಲಿ ವಚನ ಸುಮಾರು 7,957. ಭಾನುವಾರ ಬಿಟ್ಟರೆ ವರ್ಷಕ್ಕೆ 313 ದಿನ. ದಿನಕ್ಕೆ 25 ಬರೆದರೆ 7,825. ಉಳಿದ ನೂರಮೂವತ್ತು ಚಿಲ್ಲರೆಯನ್ನು ಕೊನೆಗೆ ಇನ್ನೊಂದು ವಾರ ಎಳೆದರಾಯಿತು. 25 ವಚನಕ್ಕೆ 45ರಿಂದ 50 ನಿಮಿಷ. ಅಧ್ಯಾಯ ಮಧ್ಯದಲ್ಲಿ ನಿಂತರೆ ನಿಲ್ಲಲಿ.

ಎಲ್ಲಿಂದ ಶುರು ಮಾಡಬೇಕು ಅನ್ನುವುದು ಎರಡನೇ ಪಾಠ. ಮತ್ತಾಯದಿಂದ ಶುರು ಮಾಡಬೇಡಿ. ಮೊದಲ ದಿನ ಫಿಲೆಮೋನನಿಗೆ ಬರೆದ ಪತ್ರಿಕೆ, ಸರಿಯಾಗಿ 25 ವಚನ. ಎರಡನೇ ದಿನ ಯೂದ, ಅದೂ 25. ಮೂರನೇ ದಿನ ಯೋಹಾನನ ಎರಡು ಮತ್ತು ಮೂರನೇ ಪತ್ರಿಕೆ ಸೇರಿ 27ರ ಸುಮಾರು. ಮೂರು ದಿನಕ್ಕೆ ಹೊಸ ಒಡಂಬಡಿಕೆಯ 27 ಪುಸ್ತಕದಲ್ಲಿ ನಾಲ್ಕು ಮುಗಿದಿರುತ್ತವೆ! ಮನೆಯವರ ನಗು ಅಲ್ಲಿಗೆ ನಿಲ್ಲುತ್ತದೆ. ಆಮೇಲೆ ಯಾಕೋಬ, ಫಿಲಿಪ್ಪಿ, ಆಮೇಲೆ ಮಾರ್ಕ (678 ವಚನ, 27-28 ದಿನ). ಲೂಕವನ್ನು ಕೈ ಪಳಗಿದ ಮೇಲೆ, ನಾಲ್ಕನೇ ತಿಂಗಳಲ್ಲಿ ಹಿಡಿಯಿರಿ. ವಚನದ ಲೆಕ್ಕದಲ್ಲಿ ಹೊಸ ಒಡಂಬಡಿಕೆಯ ಅತಿ ದೊಡ್ಡ ಪುಸ್ತಕ ಅದು, 1,151.

ಈಗ ಕಾಗದ, ಪೆನ್ನು, ದುಡ್ಡು. ಮೊದಲ ಸಲ ಇನ್ನೂರು ಪುಟದ ಲಾಂಗ್ ನೋಟ್‌ಬುಕ್ ಕೊಂಡು ಕೆಟ್ಟೆ. ತೆಳು ಕಾಗದ, ಹಿಂದಿನ ಪುಟದ ಅಕ್ಷರ ಮುಂದಕ್ಕೆ ಮೂಡುತ್ತದೆ, ಒಂದು ಹಾಳೆ ಹರಿದರೆ ಅದರ ಜೋಡಿ ಹಾಳೆಯೂ ಸಡಿಲ. ಜೆಲ್ ಪೆನ್ನು 25 ಪುಟಕ್ಕೆ ಖಾಲಿ, ಒದ್ದೆ ಕೈ ತಗುಲಿದರೆ ಸಾಲು ಪೂರ್ತಿ ಕಲಸಿಹೋಗುತ್ತದೆ. ಮೈಸೂರಿಗೆ ಹೋದಾಗ ಆಸೆಪಟ್ಟು 650 ರೂಪಾಯಿಗೆ ಇಂಕ್ ಪೆನ್ನು ತಂದದ್ದೂ ಆಯಿತು. ಒತ್ತಕ್ಷರದ ಸಣ್ಣ ತಿರುವಿನಲ್ಲಿ ಶಾಯಿ ತುಂಬಿಕೊಂಡು "ಕ್ಷ್ಮ", "ತ್ರ್ಯ" ಎಲ್ಲ ಚುಕ್ಕೆಗಳಾದವು. ಇಡೀ ದೇಶದ ಮತದಾರರ ಬೆರಳಿಗೆ ಹಚ್ಚುವ ಅಳಿಸದ ಶಾಯಿ 1962ರಿಂದ ಮೈಸೂರಿನಲ್ಲೇ ತಯಾರಾಗುತ್ತಿದೆ, ನನ್ನ ಪುಟದ ಶಾಯಿ ಮಾತ್ರ ಬೆವರಿಗೇ ಅಳಿಸಿಹೋಯಿತು. ಆ ಸುತ್ತಿನಲ್ಲಿ ಹಾಳಾದದ್ದು ಸಾವಿರದ ಮುನ್ನೂರರ ಹತ್ತಿರ.

ಎರಡನೇ ಸಲ: 75 ಜಿಎಸ್‌ಎಂ ಎ4 ಬಿಳಿ ಹಾಳೆ ಎರಡು ರೀಮು, ಕಪ್ಪು ಬಾಲ್ ಪೆನ್ನು. ಹಾಳೆಗೆ ಗೆರೆ ಹಾಕುವ ಕೆಲಸವಿಲ್ಲ. ದಪ್ಪ ಕಾಗದದ ಮೇಲೆ 9 ಮಿಲಿಮೀಟರಿಗೊಂದು ಕಪ್ಪು ಸ್ಕೆಚ್ ಪೆನ್ ಗೆರೆ ಎಳೆದು ಹಾಳೆಯಡಿ ಇಟ್ಟರೆ ಗೆರೆ ತೆಳುವಾಗಿ ಕಾಣುತ್ತದೆ, ಪುಟಕ್ಕೆ 29 ಸಾಲು ಬರುತ್ತದೆ. ಕನ್ನಡಕ್ಕೆ 9 ಮಿಲಿಮೀಟರಿಗಿಂತ ಕಡಿಮೆ ಬೇಡ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. ಎಡಕ್ಕೆ 32 ಮಿಲಿಮೀಟರ್ ಖಾಲಿ ಬಿಡಬೇಕು. ಬಿಡಿ ಹಾಳೆಯನ್ನು ಪಕ್ಕದಿಂದ ತೂತು ಹಾಕಿ ಹೊಲಿಯುವುದರಿಂದ ಅಷ್ಟು ಜಾಗ ಹೊಲಿಗೆಗೇ ಹೋಗುತ್ತದೆ. ಬಲಕ್ಕೆ 40 ಮಿಲಿಮೀಟರ್. ಅದು ಯಾಕೆ ಅಂತ ಮುಂದೆ ಹೇಳುತ್ತೇನೆ. ಒಂದೇ ಬದಿಗೆ ಬರೆಯಿರಿ. ಕೆಟ್ಟರೆ ಒಂದು ಹಾಳೆ ಹೋಗುತ್ತದೆ, ಅಷ್ಟೇ. ಪ್ರತಿ ಹಾಳೆಯ ಮೂಲೆಯಲ್ಲಿ "ಮಾರ್ಕ 4/2" ಅಂತ ಆ ಕ್ಷಣವೇ ಗುರುತು ಹಾಕಬೇಕು. ಫ್ಯಾನ್ ಗಾಳಿಗೆ ಚೆದುರಿದ ನಲವತ್ತು ಹಾಳೆ ಜೋಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಒಟ್ಟು ಏಳುನೂರು ಹಾಳೆಯ ಆಚೀಚೆ ಆಯಿತು, ಕೆಟ್ಟದ್ದು ಬೇರೆ ನೂರಹತ್ತು. ಕಾಗದ 650, ಪೆನ್ನು ಹದಿನಾಲ್ಕೋ ಹದಿನೈದೋ, 150. ಮೂರು ಸಂಪುಟದ ಕ್ಯಾಲಿಕೋ (ಬಟ್ಟೆ ಹೊದಿಕೆಯ) ಬೈಂಡಿಂಗ್‌ಗೆ ತಲಾ 350. ಎಲ್ಲ ಸೇರಿ ಎರಡು ಸಾವಿರದೊಳಗೆ. ಏಳುನೂರು ಹಾಳೆಯಲ್ಲಿ ವೈಟ್ನರ್ ಬಿದ್ದಿರುವುದು ಒಂಬತ್ತೇ ಕಡೆ. ತಪ್ಪಾದ ಪದವನ್ನು ವೈಟ್ನರ್ ಇಲ್ಲದೆ, ಕಾಣದ ಹಾಗೆ ಸರಿಮಾಡುವ ಒಂದು ಉಪಾಯವಿದೆ. ಅದನ್ನು ಬರೆದು ತಿಳಿಸಲಾಗದು. ಹಾಳೆ ಹಿಡಿದು ಬಂದವರಿಗೆ ತೋರಿಸುತ್ತೇನೆ.

ಯಾವ ಅನುವಾದ ಅಂತಲೂ ಕೇಳುತ್ತಾರೆ. ಭಾನುವಾರ ನಿಮ್ಮ ಸಭೆಯಲ್ಲಿ ಓದುವುದು ಯಾವುದೋ ಅದನ್ನೇ. ಸರಳ ಅನುವಾದ ಬರೆಯಲು ಹಗುರ, ನಿಜ. ಆದರೆ ತಾಳೆ ನೋಡುವವರ ಕಿವಿ ಹಳೆಯ ಅನುವಾದಕ್ಕೆ ಒಗ್ಗಿರುತ್ತದೆ, ಪದ ಬಿಟ್ಟರೆ ಕಿವಿಯೇ ಹಿಡಿಯುತ್ತದೆ.

ತಪ್ಪುಗಳ ವಿಷಯ ವಿವರವಾಗಿ ಹೇಳಬೇಕು, ಇದರಲ್ಲೇ ಹೆಚ್ಚು ಕಲಿತದ್ದು. ಮೊದಲನೆಯದು ಕಣ್ಣು ಜಿಗಿಯುವುದು. ಒಂದೇ ಮಾತು ಎರಡು ಕಡೆ ಇದ್ದರೆ ಮೊದಲನೆಯದನ್ನು ಬರೆದು ತಲೆ ಎತ್ತಿದಾಗ ಕಣ್ಣು ಎರಡನೆಯದರ ಮೇಲೆ ಕೂರುತ್ತದೆ, ನಡುವಿನದು ಮಾಯ. ಮತ್ತಾಯ 5ರಲ್ಲಿ ಹಿಂದಿನವರಿಗೆ ಹೇಳಿದ್ದು ಹೀಗೆ, ನಾನು ಹೇಳುವುದು ಹೀಗೆ ಅನ್ನುವ ಮಾತು ಆರು ಸಲ ಬರುತ್ತದೆ. ಕೊನೆಯ ಪುಸ್ತಕವಾದ ಪ್ರಕಟನೆಯ 2 ಮತ್ತು 3ನೇ ಅಧ್ಯಾಯದಲ್ಲಿ ಕಿವಿಯುಳ್ಳವನು ಕೇಳಲಿ ಅನ್ನುವುದು ಏಳು ಸಲ. ಪ್ರಕಟನೆ 7ರಲ್ಲಿ ಕುಲಕ್ಕೆ ಹನ್ನೆರಡು ಸಾವಿರದಂತೆ ಹನ್ನೆರಡು ಕುಲ. ಆ ಪುಟವನ್ನು ಮೊದಲು ಬರೆದಾಗ ನಾನು ಹತ್ತೇ ಕುಲ ಬರೆದಿದ್ದೆ. ಇದಕ್ಕೆ ಮದ್ದು ಸ್ಕೇಲು: ಬರೆಯುತ್ತಿರುವ ಸಾಲಿನ ಕೆಳಗಲ್ಲ, ಮೇಲೆ ಇಡಬೇಕು. ಮುಗಿದದ್ದು ಮುಚ್ಚಿರುತ್ತದೆ, ಬರೆಯಬೇಕಾದದ್ದು ತೆರೆದಿರುತ್ತದೆ.

ಎರಡನೆಯದು ನಾಲಿಗೆ ತಂದಿಡುವ ತಪ್ಪು. ನಮ್ಮ ಕಡೆ ಹಕಾರ ಬಾಯಲ್ಲಿ ನಿಲ್ಲುವುದಿಲ್ಲ, ಮನಸ್ಸಿನಲ್ಲಿ ಓದಿಕೊಂಡು ಬರೆದರೆ "ಹಣ" "ಅಣ" ಆಗುತ್ತದೆ. ಅದಕ್ಕೆ ಹೆದರಿ ಇಲ್ಲದ ಕಡೆ ಹಕಾರ ತುರುಕುವವರೂ ಇದ್ದಾರೆ. ನಮ್ಮ ಜೊತೆ ಬರೆದವರೊಬ್ಬರ ಯೋಹಾನ ಸುವಾರ್ತೆ "ಆದಿಯಲ್ಲಿ" ಹೋಗಿ "ಹಾದಿಯಲ್ಲಿ ವಾಕ್ಯವಿತ್ತು" ಅಂತಲೇ ಶುರುವಾಗಿತ್ತು. "ಕ್ರಿಸ್ತ" ಬದಲು "ಕೃಸ್ತ" ಬರೆಯುವುದಂತೂ ಅಂಟುರೋಗ, ಒಂದು ಪುಟದಲ್ಲಿ ಬಂದರೆ ಹತ್ತು ಪುಟ ಹೋಗುತ್ತದೆ.

ತಾಳೆ ನೋಡುವುದು ಭಾನುವಾರ ಆರಾಧನೆ ಮುಗಿದ ಮೇಲೆ. ಒಬ್ಬರು ಅಚ್ಚಿನ ಪ್ರತಿ ಗಟ್ಟಿಯಾಗಿ ಓದಬೇಕು, ಬರೆದವರು ತಮ್ಮ ಹಾಳೆಯ ಮೇಲೆ ಬೆರಳು ನಡೆಸಬೇಕು. ತಿರುಗುಮುರುಗು ಮಾಡಿದರೆ ಕೆಡುತ್ತದೆ, ಬರೆದವರು ಓದಿದರೆ ಬಿಟ್ಟುಹೋದ ಪದವನ್ನೂ ಬಾಯಿ ಸೇರಿಸಿ ಓದಿಬಿಡುತ್ತದೆ. ವಾರದ 150 ವಚನಕ್ಕೆ ನಲವತ್ತು ನಿಮಿಷ ಸಾಕು. ಮೊದಲ ತಿಂಗಳು ವಾರಕ್ಕೆ ಹದಿನೈದು-ಇಪ್ಪತ್ತು ತಪ್ಪು, ಆರನೇ ತಿಂಗಳಿಗೆ ಮೂರೋ ನಾಲ್ಕೋ.

ಇನ್ನು ಬಲಗಡೆಯ 40 ಮಿಲಿಮೀಟರ್. ಕೆಲಸದ ಜೀವ ಇರುವುದು ಅಲ್ಲಿ. ಅದಕ್ಕೆ ನಾವು "ಪಾಲನೆ ಸಾಲು" ಅನ್ನುತ್ತೇವೆ. ಆ ದಿನ ಬರೆದ 25 ವಚನದಿಂದ ಮಾಡಬೇಕಾದ ಒಂದೇ ಒಂದು ಕೆಲಸ, ಕೆಂಪು ಪೆನ್ನಿನಲ್ಲಿ. ಮಾಡಿದ ಮೇಲೆ ಗೀಟು. ಶುರುವಿನಲ್ಲಿ "ಎಲ್ಲರನ್ನೂ ಪ್ರೀತಿಸಬೇಕು", "ನಂಬಿಕೆಯಲ್ಲಿ ಬಲಗೊಳ್ಳಬೇಕು" ಅಂತೆಲ್ಲ ಬರೆದೆವು. ಒಂದಕ್ಕೂ ಗೀಟು ಬೀಳಲಿಲ್ಲ, ಯಾವಾಗ ಮುಗಿಯಿತು ಅಂತ ಹೇಳುವುದು ಹೇಗೆ? ಆಮೇಲೆ ನಿಯಮ ಮಾಡಿಕೊಂಡೆವು: ಯಾರಿಗೆ, ಏನು, ಎಷ್ಟೊತ್ತಿಗೆ. ಮತ್ತಾಯ 5:23-24, ಮೊದಲು ಸಹೋದರನ ಜೊತೆ ರಾಜಿಯಾಗು ಅನ್ನುವುದನ್ನು ಬರೆದ ದಿನ "ಬದುವಿನ ಜಗಳದ ದಾಯಾದಿ ಮನೆಗೆ ಸಂಜೆ ಆರಕ್ಕೆ". ಯಾಕೋಬ 5:4, ಹೊಲ ಕೊಯ್ದವರ ಹಿಡಿದಿಟ್ಟ ಕೂಲಿ ಕೂಗುತ್ತದೆ ಅನ್ನುವುದು. ಆ ದಿನ "ಕಬ್ಬು ಕಡಿದ ಆಳುಗಳ ಬಾಕಿ, ಮೇಸ್ತ್ರಿ ಕೈಗೆ, ನಾಳೆ ಬೆಳಿಗ್ಗೆ". ಯಾರ ಸಾಲವೂ ಇರಬಾರದು ಅನ್ನುವ ರೋಮಾ 13:8ಕ್ಕೆ ಕೈಸಾಲ ಕೊಟ್ಟವರ ಹೆಸರು ಮತ್ತು ಮೊತ್ತ. ಓದುವಾಗ ಈ ವಚನಗಳ ಮೇಲೆ ಕಣ್ಣು ಜಾರಿ ಮುಂದೆ ಹೋಗುತ್ತದೆ. ಬರೆಯುವಾಗ ಪೆನ್ನು ಅದರ ಮೇಲೆ ಎರಡು ನಿಮಿಷ ನಿಲ್ಲಲೇಬೇಕು, ಪಕ್ಕದಲ್ಲಿ ಖಾಲಿ ಜಾಗ ಬಾಯಿ ತೆರೆದುಕೊಂಡು ಕೂತಿರುತ್ತದೆ. ಸುಮಾರು ಮುನ್ನೂರು ಸಾಲಿನಲ್ಲಿ ಇನ್ನೂರರ ಹತ್ತಿರ ಗೀಟು ಬಿದ್ದಿದೆ. ಉಳಿದದ್ದು ಹಾಗೇ ಇದೆ, ಬೈಂಡಿಂಗ್‌ಗೆ ಮೊದಲು ಅದನ್ನು ಅಳಿಸಲಿಲ್ಲ.

ಇಲ್ಲೊಂದು ಗುಂಡಿ ಇದೆ, ಎಲ್ಲರೂ ಬೀಳುತ್ತಾರೆ. ಕೈ ಪಳಗಿದ ಮೇಲೆ 25 ಸಾಲದು ಅನ್ನಿಸುತ್ತದೆ. ಆರು ಮನೆಯವರು ಸೇರಿದ್ದೆವು, ಯಾರು ಮುಂದೆ ಅಂತ ಪೈಪೋಟಿ ಬಂತು, ದಿನಕ್ಕೆ ನಲವತ್ತು, ಅರವತ್ತು. ಕೆಂಪು ಸಾಲು ನೋಡಿದರೆ ಮೂರು ವಾರ ಖಾಲಿ! ಅವತ್ತಿನಿಂದ ಕಟ್ಟುನಿಟ್ಟು: ನಿನ್ನೆಯ ಕೆಂಪು ಸಾಲಿಗೆ ಗೀಟು ಬೀಳದಿದ್ದರೆ ಅಥವಾ ಯಾಕೆ ಬಿದ್ದಿಲ್ಲ ಅಂತ ಒಂದು ಪದ ಬರೆಯದಿದ್ದರೆ ಇವತ್ತಿನ ಪೆನ್ನಿನ ಮುಚ್ಚಳ ತೆಗೆಯುವಂತಿಲ್ಲ. 25ಕ್ಕಿಂತ ಹೆಚ್ಚು ಬರೆಯುವಂತೆಯೂ ಇಲ್ಲ. ಆರರಲ್ಲಿ ನಾಲ್ಕು ಮನೆ ಮುಗಿಸಿವೆ. ಬಿಟ್ಟ ಇಬ್ಬರೂ ರಾತ್ರಿ ಬರೆಯುತ್ತಿದ್ದವರು. ರಾತ್ರಿ ಒಂಬತ್ತೂವರೆ ಮೇಲೆ ಬರೆದ ಹಾಳೆಯಲ್ಲಿ ತಪ್ಪು ಮೂರುಪಟ್ಟು, ಮೇಲೆ ಕರೆಂಟಿನ ಕಾಟ. ಬೆಳಿಗ್ಗೆ ನಾಲ್ಕೂಮುಕ್ಕಾಲಕ್ಕೆ, ಹಾಲು ಕರೆಯುವುದಕ್ಕೆ ಮೊದಲು ಕೂತವರೆಲ್ಲ ದಡ ಸೇರಿದ್ದಾರೆ. ದಸರೆಗೆ ಮೈಸೂರಿನ ಮನೆಗಳಲ್ಲಿ ನೆಂಟರು ತುಂಬಿರುತ್ತಾರೆ, ಕಬ್ಬು ಕಟಾವಿನಲ್ಲಿ ಹಗಲು ರಾತ್ರಿ ಒಂದೇ. ಆಗ ಹತ್ತೋ ಐದೋ ವಚನ ಬರೆಯಿರಿ, ಸೊನ್ನೆ ಮಾತ್ರ ಬೇಡ. ಸತತ ಮೂರು ದಿನ ಬಿಟ್ಟವರು ನಾಲ್ಕನೇ ದಿನ ಕೂತದ್ದು ನಾನು ಕಂಡಿಲ್ಲ.

ಸಭೆಗೆ ಕೊಡುವ ಕಾಣಿಕೆಯ ಪದ್ಧತಿಯೂ ಈ ಬರವಣಿಗೆಯಿಂದಲೇ ಬದಲಾಯಿತು. 1 ಕೊರಿಂಥ 16:2ರಲ್ಲಿ ಆ ಪತ್ರಿಕೆ ಬರೆದ ಪೌಲ ವಾರದ ಮೊದಲ ದಿನ ಸಂಪಾದನೆಗೆ ತಕ್ಕಂತೆ ತೆಗೆದಿಡಿ ಅನ್ನುತ್ತಾನೆ. ಕಬ್ಬಿನ ದುಡ್ಡು ಬಂದಾಗ ಒಟ್ಟಿಗೆ ಕೊಡೋಣ ಅಂದುಕೊಂಡವರು ಯಾವತ್ತೂ ಪೂರ್ತಿ ಕೊಟ್ಟಿಲ್ಲ, ಅಷ್ಟರಲ್ಲಿ ಗೊಬ್ಬರದಂಗಡಿ ಸಾಲ ಮುಂದೆ ನಿಂತಿರುತ್ತದೆ. ಡೇರಿ ಬಟವಾಡೆ ಕೈಗೆ ಬಂದ ದಿನವೇ ಹತ್ತರಲ್ಲೊಂದು ಲಕೋಟೆಗೆ, ಬೂಸಾ ಹಿಂಡಿ ಖರ್ಚು ಕಳೆಯದೆ. ಕಳೆಯಬೇಕು ಅನ್ನುವವರ ವಾದವೂ ಇದೆ. ಆದರೆ ಕಳೆಯಲು ಶುರು ಮಾಡಿದರೆ ಎಲ್ಲಿ ನಿಲ್ಲಿಸುವುದು ಅಂತ ತಿಳಿಯುವುದಿಲ್ಲ.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ಬೈಬಲ್ಲಿನ ಕೀರ್ತನೆಗಳ ಪುಸ್ತಕದ 119ನೇ ಕೀರ್ತನೆ 176 ವಚನ, ಎಂಟೆಂಟರ 22 ಕಟ್ಟು. ಇಬ್ರಿಯದಲ್ಲಿ ಒಂದು ಕಟ್ಟಿನ ಎಂಟೂ ವಚನ ಒಂದೇ ಅಕ್ಷರದಿಂದ ಶುರುವಾಗುತ್ತವೆ. ಈಸ್ಟರಿಗೆ ಮುಂಚಿನ ಉಪವಾಸ ಕಾಲವಾದ ಲೆಂಟ್‌ನಲ್ಲಿ ದಿನಕ್ಕೊಂದು ಕಟ್ಟಿನಂತೆ ಕನ್ನಡದಲ್ಲೂ ಹಾಗೆ ಮಾಡಲು ಹೊರಟೆ. ಕ, ದ, ನ ಸಲೀಸು. ಠ, ಢ ಬಂದಾಗ ಕೈ ಎತ್ತಿದೆ. ಕಟ್ಟಿನಂತೆ ಬರೆಯುವುದು ಮಾತ್ರ ಒಳ್ಳೆಯದು, 22 ದಿನ, ದಿನಕ್ಕೆ ಕಾಲು ಗಂಟೆ. ವರ್ಷದ ಕೆಲಸಕ್ಕೆ ಹೆದರುವವರು ಇದನ್ನು ಮೊದಲು ಮಾಡಿ ನೋಡಲಿ.

ಬೈಂಡ್ ಆದ ಮೇಲೆ ಹುಳದ ಭಯ. ಒಣಗಿಸಿದ ಬೇವಿನ ಸೊಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ, ಜೊತೆಗೆ ಒಂದು ತುಂಡು ಬಜೆ. ಪುಟದ ನಡುವೆ ಸೊಪ್ಪಿಡಬೇಡಿ, ಕಲೆ ಕೂರುತ್ತದೆ. ಈಗ ಕೀರ್ತನೆಗಳಿಗೆ ಕಾಗದ ತಂದಿದ್ದೇನೆ. 2,461 ವಚನ, ದಿನಕ್ಕೆ 25ರಂತೆ 99 ದಿನ, ಭಾನುವಾರ ಸೇರಿದರೆ ನಾಲ್ಕು ತಿಂಗಳೊಳಗೆ. ಪದ್ಯದ ಸಾಲು ಒಡೆದು ಬರೆಯುವುದರಿಂದ ಬಲಗಡೆ ಜಾಗ ಸಾಲುತ್ತಿಲ್ಲ. ಹಾಳೆಯನ್ನು ಅಡ್ಡಡ್ಡ ಹಿಡಿದು, ಕೆಂಪು ಸಾಲನ್ನು 55 ಮಿಲಿಮೀಟರಿಗೆ ಏರಿಸಿ ಹತ್ತು ಕೀರ್ತನೆ ಬರೆದಿದ್ದೇನೆ. ಹೊಲಿಗೆ ಆ ಅಗಲಕ್ಕೆ ತಡೆಯುತ್ತದೋ ಅಂತ ಬೈಂಡಿಂಗ್‌ನವರನ್ನು ಕೇಳಬೇಕು.