ಹಳೆಯ ಮನೆಗೆ ಬಣ್ಣ ಬಳಿಸುವ ಮುನ್ನ

ಹಬ್ಬಕ್ಕೆಂದು ಹಳೆಯ ಮನೆಗೆ ಬಣ್ಣ ಬಳಿಸುವವರು ಮೊದಲು ನೋಡಬೇಕಾದದ್ದು ಕಿಟಕಿ, ಬಾಗಿಲುಗಳ ಮೇಲೆ ಹಕ್ಕಳೆಯೆದ್ದಿರುವ ಎನಾಮಲ್ ಬಣ್ಣವನ್ನು. ಗೃಹಬಳಕೆಯ ಬಣ್ಣದಲ್ಲಿ ಸೀಸವು 90 ಪಿಪಿಎಂ (ಹತ್ತು ಲಕ್ಷ ಭಾಗಗಳಲ್ಲಿ 90 ಭಾಗ) ಮೀರಬಾರದೆಂಬ ನಿಯಮ ಭಾರತದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಮೊದಲಿನ ಬಣ್ಣಗಳಲ್ಲಿ, ಅದರಲ್ಲೂ ಹಳದಿ ಮತ್ತು ಕೆಂಪಿನಲ್ಲಿ, ಹೆಚ್ಚು ಸೀಸವಿರುವ ಸಾಧ್ಯತೆಯಿದೆ. ಅಂಥ ಬಣ್ಣವನ್ನು ಒಣಗಿದಂತೆಯೇ ಉಪ್ಪುಕಾಗದದಿಂದ ಉಜ್ಜಿದಾಗ ಏಳುವ ನುಣ್ಣನೆಯ ಧೂಳು ನೆಲದ ಮೇಲೆ ಕೂತು, ಅಂಬೆಗಾಲಿಡುವ ಮಗುವಿನ ಕೈಗೂ ಅಲ್ಲಿಂದ ಬಾಯಿಗೂ ಸೇರುತ್ತದೆ. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಗೆ ಧಕ್ಕೆ ತರುವುದರಿಂದ, ನೀರು ಚಿಮುಕಿಸಿ ಒದ್ದೆ ಮಾಡಿಯೇ ಉಜ್ಜಿಸಬೇಕು. ಬೇಗ ಮುಗಿಸುವ ಆತುರದಲ್ಲಿರುವ ಕೆಲಸಗಾರರು ಇದಕ್ಕೆ ಸುಲಭವಾಗಿ ಒಪ್ಪುವುದಿಲ್ಲ. ಆದರೆ ಆ ಧೂಳನ್ನು ಎಲ್ಲರಿಗಿಂತ ಹೆಚ್ಚು ಉಸಿರಾಡುವವರು ಅವರೇ ಆದ್ದರಿಂದ ಪಟ್ಟು ಸಡಿಲಿಸಬಾರದು. ಕೆಲಸ ಮುಗಿಯುವವರೆಗೆ ಮಕ್ಕಳನ್ನೂ ಗರ್ಭಿಣಿಯರನ್ನೂ ಬೇರೆಡೆ ಇರಿಸಿ, ಧೂಳನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಬಣ್ಣ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಕೆರೆಯದೆ ಅದರ ಮೇಲೆಯೇ ಹೊಸದನ್ನು ಬಳಿಸುವುದು ಲೇಸು.

ಹಬ್ಬಕ್ಕೆಂದು ಬಚ್ಚಲು ತೊಳೆಯುವಾಗಲೂ ಎಚ್ಚರ ಬೇಕು. ಬ್ಲೀಚಿಂಗ್ ಪೌಡರ್ ಉದುರಿಸಿದ ಜಾಗಕ್ಕೆ ಆ್ಯಸಿಡ್ ಆಗಲಿ, ಆ್ಯಸಿಡ್ ಬೆರೆತ ಶೌಚಾಲಯದ ಕ್ಲೀನರ್ ಆಗಲಿ ಸುರಿಯಲೇಬಾರದು. ಎರಡೂ ಸೇರಿದರೆ ಶ್ವಾಸಕೋಶವನ್ನು ಸುಡುವ ಕ್ಲೋರಿನ್ ಅನಿಲ ಹೊಮ್ಮುತ್ತದೆ. ಒಂದು ವೇಳೆ ಘಾಟು ಬಂದರೆ ನೀರು ಹಾಕುತ್ತ ನಿಲ್ಲದೆ ತಕ್ಷಣ ಹೊರಗೆ ಬರಬೇಕು.

ಹಾಗೆಯೇ, ಬೀರುವಿನಲ್ಲಿಡುವ ನುಸಿಗುಳಿಗೆಗಳ ನ್ಯಾಫ್ತಲೀನ್ ಎಂಬ ರಾಸಾಯನಿಕ, ಕೆಂಪು ರಕ್ತಕಣಗಳನ್ನು ಕಾಪಾಡುವ ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ ಆ ಕಣಗಳನ್ನು ಒಡೆಯಬಲ್ಲದು. ಆದ್ದರಿಂದ ಕೂಸಿನ ಬಟ್ಟೆ, ಹೊದಿಕೆಗಳ ನಡುವೆ ಗುಳಿಗೆಗಳನ್ನು ಇಡದೆ, ಬಟ್ಟೆಗಳನ್ನು ಬಿಸಿಲಿಗೆ ಚೆನ್ನಾಗಿ ಒಣಗಿಸಿ ಮಡಿಸಿಟ್ಟರೆ ಸಾಕು.